ಬೈಕ್ ಕದ್ದ ಹುಡುಗನೂ ಮನೆಯ ಟಿ.ವಿ.ಯೂ

(ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಮಿನಂತೆ ಅಪರಾಧದ ಆರೋಪಕ್ಕೆ ಸಿಕ್ಕ ಮಕ್ಕಳ ಹೆಸರು, ಶಾಲೆ, ವಿಳಾಸ ಬಹಿರಂಗಪಡಿಸುವಂತಿಲ್ಲ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಹುಡುಗನಿಗೆ 14 ವರ್ಷ. ತಾಯಿ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕೆಲಸಕ್ಕಿದ್ದಾರೆ, ತಂದೆ ಲಾರಿ ಮೇಲೆ ಹೋದರೆ ವಾರಗಟ್ಟಲೆ ಮನೆಯಿಲ್ಲ. ಪಕ್ಕದ ಬೀದಿಯ ಬೈಕ್ ಕದ್ದು, ಹರಿಹರದ ದಾರಿಯಲ್ಲಿ ಪೆಟ್ರೋಲ್ ಮುಗಿದು ಸಿಕ್ಕಿಬಿದ್ದ. ಬಾಲನ್ಯಾಯ ಮಂಡಳಿ ಆಪ್ತಸಲಹೆಗೆ ನನ್ನ ಬಳಿ ಕಳಿಸಿತು.

"ಆ ಹಾಳು ಟಿವಿನೇ ಕೆಡಿಸ್ತು ಮೇಡಂ, ಗುಜರಿಗೆ ಹಾಕ್ತೀನಿ" ಎಂದು ತಾಯಿ ಅತ್ತರು.

ಅವರ ಮಾತು ಪೂರ್ತಿ ಸುಳ್ಳಲ್ಲ. ಬೈಕ್ ಕದಿಯುವಾಗ ಹುಡುಗ ಕೈಗೆ ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡಿದ್ದ. ಯಾಕಪ್ಪಾ ಎಂದೆ. "ಬೆರಳಚ್ಚು ಬೀಳಬಾರ್ದು ಅಂತ. ಟಿವೀಲಿ ಹಂಗೇ ಮಾಡಿದ್ರು." ಆ ಕಾರ್ಯಕ್ರಮದಲ್ಲಿ ಬೈಕ್ ಕಳಕೊಂಡವನಿಗೆ ಆಮೇಲೆ ಏನಾಯ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅದನ್ನ ತೋರ್ಸಲಿಲ್ಲ" ಎಂದ.

ನನ್ನ ಆತಂಕ ಇರುವುದು ಇಲ್ಲೇ. ಅಪರಾಧದ ಕಾರ್ಯಕ್ರಮಗಳು ಕಳ್ಳತನವನ್ನು ಹೆಜ್ಜೆ ಹೆಜ್ಜೆಯಾಗಿ ಮರುಸೃಷ್ಟಿಸುತ್ತವೆ. ನಷ್ಟಪಟ್ಟವರ ಮುಖ ಬಂದು ಹೋಗುವುದೇ ತಿಳಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1965ರಲ್ಲಿ ಮಕ್ಕಳಿಗೆ ಗೊಂಬೆಯನ್ನು ಹೊಡೆಯುವ ದೃಶ್ಯ ತೋರಿಸಿದರು. ಹೊಡೆದವನಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅನುಕರಿಸಿದ್ದು ಕಡಿಮೆ. ಆದರೆ ಬಹುಮಾನ ಕೊಡುತ್ತೇವೆ ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಅಂದರೆ ಕಂಡದ್ದನ್ನು ಮಗು ಕಲಿತೇ ಇರುತ್ತದೆ. ಮಾಡಬೇಕೋ ಬೇಡವೋ ಎಂಬುದನ್ನು ಪಕ್ಕದಲ್ಲಿ ಕೂತವರು ಹೇಳಿಕೊಡಬೇಕು. ಈ ಹುಡುಗನ ಪಕ್ಕ ಯಾರೂ ಇರಲಿಲ್ಲ. ಹಾಗೆಂದು ಟಿ.ವಿ. ನೋಡುವ ಮಕ್ಕಳೆಲ್ಲ ಕದಿಯಲು ಹೋಗುವುದಿಲ್ಲ.

ತಾಯಿಗೆ ಹೇಳಿದೆ: ಟಿ.ವಿ. ಮಾರಬೇಡಿ, ಪಕ್ಕದ ಮನೆಯಲ್ಲೋ ಮೊಬೈಲಿನಲ್ಲೋ ನೋಡುತ್ತಾನೆ. ಅವನೊಬ್ಬನೇ ಇರುವಾಗ ಆ ಕಾರ್ಯಕ್ರಮ ಬೇಡ. ನೀವಿದ್ದಾಗ ಹಾಕಿದರೆ, ಮುಗಿದ ಮೇಲೆ ಕಳಕೊಂಡವರ ಗತಿ ಏನಾಯಿತು ಎಂದು ಕೇಳಿ. ನೆಂಟರೆದುರು ಕಳ್ಳ ಎನ್ನಬೇಡಿ. ಭಟ್ಟಿಗೆ ಹೋಗುವ ಹೊತ್ತಲ್ಲಿ ಅವನನ್ನು ಅಜ್ಜಿ ಮನೆಯಲ್ಲಿ ಬಿಡಿ.

ಬೈಕಿನ ಮಾಲೀಕ ಸೊಪ್ಪು ಮಾರುವವರು. ಅವತ್ತಿನ ವ್ಯಾಪಾರ ಹಾಳಾಗಿತ್ತು. ಅವರು ಒಪ್ಪಿದ ಮೇಲೆ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಎದುರು ಹುಡುಗನನ್ನು ಕೂರಿಸಿದೆವು. ಮಾಲೀಕರು ಬೈಯಲಿಲ್ಲ, ಬಾಡಿದ ಸೊಪ್ಪಿನ ಲೆಕ್ಕ ಹೇಳಿದರು. ಹುಡುಗ ತಲೆ ತಗ್ಗಿಸಿ ಕೇಳಿದ. ತಪ್ಪಾಯ್ತು ಎನ್ನಲು ನಾವ್ಯಾರೂ ಒತ್ತಾಯಿಸಲಿಲ್ಲ.

ತಂದೆ ಲಾರಿ ಇಳಿದು ಬಂದ ದಿನ ಮೂವರೂ ಬರಲು ಹೇಳಿದ್ದೇನೆ. ಲೋಡು ಎಲ್ಲಿದ್ದರೂ ರಾತ್ರಿ ಒಮ್ಮೆ ಮಗನಿಗೆ ಫೋನ್ ಮಾಡಿ ಎಂದು ಅವರಿಗೆ ಹೇಳುವುದು ಬಾಕಿ ಇದೆ.