ಹಳೆ ಕಾರಿನ ಫ್ಲೋರ್‌ನ ಡಾಂಬರ್ ಶೀಟ್ ಕೀಳಬೇಕಾ, ಮೇಲೇ ಹೊಸದು ಅಂಟಿಸಬಹುದಾ?

ಕಾರಿಗೆ 25 ವರ್ಷ ಆಗಿದೆ, ಓಡಿಸುವಾಗ ತುಂಬಾ ಸದ್ದು, ಕಾರ್ಪೆಟ್ ಎತ್ತಿ ನೋಡಿದರೆ ಕೆಳಗಿನ ಕಪ್ಪು ಡಾಂಬರ್ ಶೀಟ್ ಬಿರುಕು ಬಿಟ್ಟಿದೆ, ಅದರ ಮೇಲೇ ಹೊಸ ಬ್ಯುಟೈಲ್ ಶೀಟ್ (ಅಲ್ಯೂಮಿನಿಯಂ ಹಾಳೆಗೆ ರಬ್ಬರಿನಂಥ ಅಂಟು ಬಳಿದ ಶೀಟ್) ಅಂಟಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ನನ್ನ ಹಳೆ ಕಾರಿನಲ್ಲಿ ಅದನ್ನೇ ಮಾಡಿದ್ದೆ. ಎರಡು ವರ್ಷ ಆದಮೇಲೆ ಒಳಗೆ ಮುಗ್ಗಲು ವಾಸನೆ ಶುರುವಾಯಿತು. ಎಲ್ಲಾ ಬಿಚ್ಚಿ ನೋಡಿದರೆ ಹಳೆ ಶೀಟ್ ಮತ್ತು ತಗಡಿನ ನಡುವೆ ನೀರು ನಿಂತಿತ್ತು, ಡ್ರೈವರ್ ಕಾಲಿಡುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಆಚೆ ಕಡೆ ತೂರಿತು. ಮೇಲೆ ಅಂಟಿಸಿದ ಹೊಸ ಶೀಟ್ ಮಾತ್ರ ಹೊಸದರ ಹಾಗೇ ಇತ್ತು, ತುಕ್ಕನ್ನು ಚೆನ್ನಾಗಿ ಮುಚ್ಚಿಟ್ಟುಕೊಂಡು.

ಹಾಗಂತ ಎಲ್ಲವನ್ನೂ ಕೀಳಬೇಕು ಅಂತಲೂ ನಾನು ಹೇಳುವುದಿಲ್ಲ. ಕಂಪನಿಯಲ್ಲಿ ಆ ಶೀಟನ್ನು ಬಿಸಿ ಮಾಡಿ ತಗಡಿಗೆ ಕರಗಿಸಿ ಕೂರಿಸಿರುತ್ತಾರೆ. ಗಟ್ಟಿಯಾಗಿ ಕೂತಿರುವ ಕಡೆ ಅದು ಈಗಲೂ ತನ್ನ ಕೆಲಸ ಮಾಡುತ್ತಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದು ಅಂಗೈಯಷ್ಟು ಜಾಗ ತಟ್ಟುತ್ತಾ ಹೋಗಿ. ದಪ್ ಅಂತ ಸತ್ತ ಸದ್ದು ಬಂದರೆ ಅಂಟಿಕೊಂಡಿದೆ, ಬಿಡಿ. ಟೊಳ್ಳು ಸದ್ದು ಬಂದರೆ, ಅಂಚು ಎದ್ದಿದ್ದರೆ, ಬಿರುಕಿನಲ್ಲಿ ಕಂದು ಬಣ್ಣ ಕಂಡರೆ ಅಷ್ಟು ಭಾಗ ಕೀಳಲೇಬೇಕು, ಸುತ್ತಲೂ ಗಟ್ಟಿ ಜಾಗ ಸಿಗುವವರೆಗೆ.

ಅದಕ್ಕೂ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಇದನ್ನು ಬಿಟ್ಟು ಮುಂದಕ್ಕೆ ಹೋದರೆ ಮಾಡಿದ್ದೆಲ್ಲಾ ದಂಡ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನಕ್ಕೆ ನೀರು ಬಿಡಲಿ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ. ಮುಂದಿನ ಗಾಜಿನ ರಬ್ಬರ್, ವೈಪರ್ ಕೆಳಗೆ ಎಲೆ ಕಸ ತುಂಬಿಕೊಂಡ ನೀರಿನ ದಾರಿ, ಬಾಗಿಲ ಒಳಗಿನ ಹರಿದ ಪ್ಲಾಸ್ಟಿಕ್ ಹಾಳೆ, ಕಟ್ಟಿಕೊಂಡ ಎಸಿ ನೀರು ಹೊರಹೋಗುವ ಪೈಪ್, ಸಾಮಾನ್ಯವಾಗಿ ಇವುಗಳಲ್ಲಿ ಒಂದಾಗಿರುತ್ತದೆ. ನೀರು ಜಿಡ್ಡಾಗಿದ್ದು ಸಿಹಿ ವಾಸನೆ ಬಂದರೆ ಅದು ಮಳೆ ನೀರಲ್ಲ, ಹೀಟರ್‌ನಿಂದ ಸೋರುತ್ತಿರುವ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ.

ಸೀಟ್ ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಸ್ವಲ್ಪ ಹೊತ್ತು ಬಿಡಿ. ಸೀಟ್ ಕೆಳಗಿನ ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗ್ ಮತ್ತು ಬೆಲ್ಟ್‌ಗೆ ಸೇರಿದ್ದು, ಅವುಗಳನ್ನು ಬಿಚ್ಚಿಟ್ಟಿರುವಾಗ ಕೀ ತಿರುಗಿಸಬೇಡಿ. ಇನ್ನೊಂದು ವಿಷಯ, ನಿಮ್ಮದಕ್ಕಿಂತ ತುಂಬಾ ಹಳೆಯ ಕಾರು ಇಟ್ಟುಕೊಂಡವರಿಗೆ: ಆಗಿನ ಕೆಲವು ಶೀಟ್ ಮತ್ತು ಫೆಲ್ಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅನುಮಾನ ಇದ್ದರೆ ಒಂದು ಚೂರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಸುತ್ತಿಗೆ ಮುಟ್ಟಬೇಡಿ.

ಈಗ ಕೀಳುವ ಕೆಲಸ. ಸಮತಟ್ಟಾದ ಜಾಗಕ್ಕೆ ಡ್ರೈ ಐಸ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಅದು ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ತಾಪಮಾನ ಮೈನಸ್ 78 ಡಿಗ್ರಿ ಆಸುಪಾಸು. ಡಾಂಬರ್ ಅಷ್ಟು ತಣ್ಣಗಾದಾಗ ಗಾಜಿನ ಹಾಗೆ ಬಿರುಸಾಗುತ್ತದೆ, ಜೊತೆಗೆ ತಗಡಿಗಿಂತ ಜಾಸ್ತಿ ಕುಗ್ಗುತ್ತದೆ, ಹಾಗಾಗಿ ಹಿಡಿತ ತಾನಾಗೇ ಬಿಡುತ್ತದೆ. ಪುಡಿ ಮಾಡಿದ ಡ್ರೈ ಐಸ್ ಹರಡಿ, ಮೇಲೆ ಒಂದು ದಪ್ಪ ಬಟ್ಟೆ ಮುಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟೆ. ಮಧ್ಯದಲ್ಲೇ ಟಪ್ ಟಪ್ ಅಂತ ಬಿರಿಯುವ ಸದ್ದು ಕೇಳಿಸುತ್ತದೆ. ಆಮೇಲೆ ಐಸ್ ಪಕ್ಕಕ್ಕೆ ಸರಿಸಿ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹಂಚಿನ ಚೂರಿನ ಹಾಗೆ ಎದ್ದು ಬರುತ್ತದೆ. ಕೆಳಗಿನ ಪೇಂಟ್ ಕೂಡ ಹಾಗೇ ಉಳಿದಿತ್ತು. ಅದೇ ಐಸನ್ನು ಮುಂದಿನ ಜಾಗಕ್ಕೆ ತಳ್ಳಿ, ಮತ್ತೆ ಕಾಯಿರಿ. ತಟ್ಟುವಾಗ ಕನ್ನಡಕ ಹಾಕಿಕೊಳ್ಳಿ, ಚೂರು ಮುಖಕ್ಕೆ ಹಾರುತ್ತದೆ.

ಆದರೆ ಡ್ರೈ ಐಸ್ ವಿಷಯದಲ್ಲಿ ಹುಷಾರು. ಒಂದು ಕಿಲೋ ಆವಿಯಾದರೆ 500 ಲೀಟರಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಅನಿಲ ಆಗುತ್ತದೆ, ಅದು ಗಾಳಿಗಿಂತ ಭಾರ, ಕಾರಿನ ತಳದಲ್ಲೇ ತುಂಬಿಕೊಳ್ಳುತ್ತದೆ, ಮತ್ತು ನಿಮ್ಮ ಮುಖ ಬಗ್ಗಿರುವುದೂ ಅಲ್ಲಿಗೇ ಅಲ್ವಾ. ನಾಲ್ಕೂ ಬಾಗಿಲು ತೆಗೆದು ಬಯಲಲ್ಲೇ ಕೆಲಸ ಮಾಡಿ, ಐಸ್ ಕೂತಿರುವಾಗ ಒಳಗೆ ತಲೆ ಹಾಕಬೇಡಿ, ತಲೆ ಭಾರ ಅನ್ನಿಸಿದ ಕೂಡಲೇ ದೂರ ಹೋಗಿ. ದಪ್ಪ ಗ್ಲೌಸ್ ಬೇಕೇ ಬೇಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಡಿ, ಸಿಡಿಯುತ್ತದೆ. ತರುವಾಗಲೂ ಕಾರಿನ ಕಿಟಕಿ ತೆಗೆದಿರಿ.

ಇಳಿಜಾರಿನಲ್ಲಿ, ಎಂಜಿನ್ ಕಡೆಯ ಗೋಡೆಯಲ್ಲಿ ಐಸ್ ನಿಲ್ಲುವುದಿಲ್ಲ. ಅಲ್ಲಿ ಹೀಟ್ ಗನ್ ಮತ್ತು ಪ್ಲಾಸ್ಟಿಕ್ ಸ್ಕ್ರೇಪರ್. ಮೆತ್ತಗಾಗುವಷ್ಟು ಬಿಸಿ ಸಾಕು, ಹೊಗೆ ಬಂತು ಅಂದರೆ ಅತಿಯಾಯಿತು ಅಂತ. ಬೆಂಕಿ ಉರಿಯುವ ಟಾರ್ಚ್ ಬೇಡವೇ ಬೇಡ, ಆ ತಗಡಿನ ಆಚೆ ಪೆಟ್ರೋಲ್ ಪೈಪ್ ಮತ್ತು ಬ್ರೇಕ್ ಪೈಪ್ ಹೋಗಿರುತ್ತವೆ. ಉಳಿದ ಕಪ್ಪು ಕಲೆಯನ್ನು ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ, ತಗಡು ತಣ್ಣಗಾದ ಮೇಲೆ.

ತುಕ್ಕು ಕಂಡರೆ ಹೊಳೆಯುವ ಲೋಹ ಬರುವವರೆಗೆ ಕೆರೆದು, ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ಮೊದಲ ಕೋಟ್) ಹೊಡೆದು, ತಗಡು ಸೇರುವ ಕೀಲುಗಳಿಗೆ ಸೀಮ್ ಸೀಲರ್ (ಸಂದು ಮುಚ್ಚುವ ಪೇಸ್ಟ್) ತುಂಬಿ, ಪೇಂಟ್ ಮಾಡಿ, ಪೂರ್ತಿ ಒಣಗಲು ಬಿಡಿ. ತೂತಾಗಿದ್ದರೆ ವೆಲ್ಡಿಂಗ್ ಒಂದೇ ದಾರಿ. ಮೇಲೆ ಬ್ಯುಟೈಲ್ ಅಂಟಿಸಿ ತೂತು ಮುಚ್ಚುವುದು ರಿಪೇರಿ ಅಲ್ಲ.

ಹೊಸ ಶೀಟ್ ಬಗ್ಗೆ ಜನರಿಗೆ ಒಂದು ತಪ್ಪು ಕಲ್ಪನೆ ಇದೆ. ಬ್ಯುಟೈಲ್ ಸದ್ದನ್ನು ತಡೆಯುವ ಗೋಡೆ ಅಲ್ಲ. ತಗಡು ನಡುಗುವುದನ್ನು ಅದು ನಿಲ್ಲಿಸುತ್ತದೆ, ಅಷ್ಟೇ. ಮೇಲಿನ ಅಲ್ಯೂಮಿನಿಯಂ ಹಾಳೆ ಮತ್ತು ತಗಡಿನ ನಡುವೆ ಅಂಟು ಎಳೆದಾಡಿದಾಗ ನಡುಕದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಜಾಸ್ತಿ ನಡುಗುವುದು ಅಗಲವಾದ ಜಾಗದ ಮಧ್ಯಭಾಗ, ಹಾಗಾಗಿ ಕಾಲುಭಾಗದಿಂದ ಅರ್ಧದಷ್ಟು ಮುಚ್ಚಿದರೆ ಬಹುಪಾಲು ಲಾಭ ಸಿಕ್ಕಿಬಿಡುತ್ತದೆ. ಮೂಲೆ ಮೂಲೆಗೂ ಅಂಟಿಸಿದರೆ ಸುಮ್ನೆ ತೂಕ. ಅಗ್ಗ ಅಂತ ಛಾವಣಿಗೆ ಹಾಕುವ ಡಾಂಬರ್ ಟೇಪ್ ತರಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ವಾಸನೆ ಬರುತ್ತದೆ, ಬಾಗಿಲಿಗೆ ಹಾಕಿದ್ದು ಜಾರುತ್ತದೆ. ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ರೋಲರ್‌ನಿಂದ ಜೋರಾಗಿ ಒತ್ತಿ. ಹಾಳೆಯ ಉಬ್ಬು ಗುರುತು ಪೂರ್ತಿ ಚಪ್ಪಟೆ ಆದರೆ ಸರಿಯಾಗಿ ಕೂತಿದೆ ಅಂತ ಲೆಕ್ಕ. ಬಾಗಿಲ ತಳದ ನೀರು ಹೋಗುವ ತೂತು, ಫ್ಲೋರ್‌ನ ರಬ್ಬರ್ ಮುಚ್ಚಳ, ಸೀಟ್ ಬೆಲ್ಟ್ ಬೋಲ್ಟ್ ಕೂರುವ ಜಾಗ, ಇವುಗಳ ಮೇಲೆ ಮಾತ್ರ ಅಂಟಿಸಬೇಡಿ.

ಟೈರ್ ಮತ್ತು ರಸ್ತೆಯ ಗುಂಯ್ ಅನ್ನುವ ಸದ್ದು ಕಡಿಮೆ ಆಗಬೇಕಾದರೆ ಬೇರೆ ಪದರ ಬೇಕು: ನೀರು ಹೀರದ ಫೋಮ್, ಅದರ ಮೇಲೆ ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವ ವಿನೈಲ್ ಹಾಸು. ಇದನ್ನು ಮಾತ್ರ ಎಲ್ಲೂ ಸಂದು ಬಿಡದೆ ಹಾಸಬೇಕು, ಚಿಕ್ಕ ಸಂದಿಯಿಂದಲೂ ಸದ್ದು ಧಾರಾಳವಾಗಿ ನುಗ್ಗುತ್ತದೆ. ಅದಕ್ಕೇ ಇದನ್ನು ಕೊಳ್ಳುವ ಮುಂಚೆ ಬಾಗಿಲ ರಬ್ಬರ್ ಮತ್ತು ವೈರ್ ಬರುವ ತೂತಿನ ರಬ್ಬರ್ ಬಳೆ, ಅಂದರೆ ಗ್ರೊಮೆಟ್‌ಗಳನ್ನು ಬದಲಿಸಿ ಒಮ್ಮೆ ಓಡಿಸಿ ನೋಡಿ. ನನಗೆ ಬಾಗಿಲ ರಬ್ಬರ್ ಬದಲಿಸಿದ ದಿನವೇ ಗಾಳಿಯ ಸದ್ದು ಎಷ್ಟು ಇಳಿಯಿತು ಅಂದರೆ ವಿನೈಲನ್ನು ಮುಂದಿನ ಫ್ಲೋರ್‌ಗೆ ಮಾತ್ರ ಹಾಕಿ ನಿಲ್ಲಿಸಿದೆ.

ಕಾರ್ಪೆಟ್ ಹಿಂದೆ ಅಂಟಿರುವ ಸೆಣಬಿನ ಫೆಲ್ಟ್ ಮುಗ್ಗಿದ್ದರೆ ಎಸೆದು ಬೇರೆ ಹಾಕಿ, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ವಾರಗಟ್ಟಲೆ ತೇವ ಹಿಡಿದಿರುತ್ತದೆ. ಸೀಟ್ ಮತ್ತು ಬೆಲ್ಟ್ ಬೋಲ್ಟ್‌ಗಳನ್ನು ಕಾರಿನ ಮ್ಯಾನ್ಯುಯಲ್ ಹೇಳುವ ಬಿಗಿತದ ಅಳತೆಗೇ, ಅಂದರೆ ಟಾರ್ಕ್‌ಗೇ ಬಿಗಿ ಮಾಡಿ. ಅಂಚಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಮಾತ್ರ ಆಗಲೇ ಕೂರಿಸಬೇಡಿ. ಕಾರ್ಪೆಟ್ ಕೆಳಗೆ ಹಳೆ ಪೇಪರ್ ಹಾಸಿ ಎರಡು ಮೂರು ಜೋರು ಮಳೆ ಕಳೆಯಲಿ. ಎತ್ತಿ ನೋಡಿದಾಗ ಪೇಪರ್ ಗರಿಗರಿಯಾಗಿದ್ದರೆ ಪಟ್ಟಿ ಕೂರಿಸಿ.