ಶಾಕಾಹಾರಿ ಹೋಟೆಲ್‌ನಲ್ಲಿ ಎಲ್ಲರಿಗೂ ಊಟ ಆಗುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಕಚೇರಿಯ ಹದಿನಾಲ್ಕು ಮಂದಿಗೆ ಬೆಂಗಳೂರಿನಲ್ಲಿ ಒಂದು ಊಟ ಏರ್ಪಡಿಸಬೇಕು. ಅವರಲ್ಲಿ ಇಬ್ಬರು ಜೈನರು, ಮೂವರು ಮುಸ್ಲಿಮರು, ಹಾಲು ತುಪ್ಪವನ್ನೂ ಮುಟ್ಟದ ವೀಗನ್ ಒಬ್ಬರು, ಗೋಧಿ ಆಗದವರು ಒಬ್ಬರು, ಹೊರಗೆ ಉಣ್ಣದ ಹಿರಿಯರು ಒಬ್ಬರು. "ಶಾಕಾಹಾರಿ ಹೋಟೆಲ್‌ಗೆ ಕರೆದುಕೊಂಡು ಹೋದರೆ ಯಾವ ತಾಪತ್ರಯವೂ ಇರುವುದಿಲ್ಲ ಅಲ್ಲವೇ?" ಎಂದು ಕೇಳಿದ್ದೀರಿ.

ತಾಪತ್ರಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ತಂದೆ ಕುಂದಾಪುರದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಆರಂಭಿಸಿದ ಸಣ್ಣ ಹೋಟೆಲನ್ನು ನಾನು ಇಪ್ಪತ್ತೆರಡು ವರ್ಷ ನಡೆಸಿದ್ದೇನೆ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಇನ್ನೇನು ಚಿಂತೆ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಆ ನಂಬಿಕೆಯನ್ನು ಬಿಡಿಸಿದ್ದು ಒಂದು ಸಾದಾ ದೋಸೆ.

ವಯಸ್ಸಾದ ಜೈನ ಮಹಿಳೆಯೊಬ್ಬರು ಮಗಳ ಜೊತೆ ಬಂದಿದ್ದರು. ದೋಸೆಯಲ್ಲಿ ಈರುಳ್ಳಿ ಇದೆಯೇ ಎಂದು ಕೇಳಿದರು. ಅಕ್ಕಿ, ಉದ್ದು, ಮೆಂತ್ಯ, ಉಪ್ಪು ಬಿಟ್ಟರೆ ಏನೂ ಇಲ್ಲ ಎಂದು ಗಲ್ಲಾದಲ್ಲಿ ಕುಳಿತೇ ಹೇಳಿದೆ. ಹಿಟ್ಟಿನ ಮಟ್ಟಿಗೆ ಅದು ನಿಜ. ಅವರು ಕುಳಿತ ಜಾಗದಿಂದ ಕಾವಲಿ ಕಾಣುತ್ತಿತ್ತು. ನಮ್ಮ ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಅರ್ಧ ಹೋಳು ಮಾಡಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಗರಗರ ಉಜ್ಜಿದರು. ಊರಿನ ಎಷ್ಟೋ ಹೋಟೆಲ್‌ಗಳಲ್ಲಿ ದಿನಕ್ಕೆ ನೂರು ಸಲ ನಡೆಯುವ ಕೆಲಸ ಅದು. ದೋಸೆ ಅಂಟದಿರಲಿ ಎಂದು. ಆ ತಾಯಿ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಜಗಳ ಮಾಡಲಿಲ್ಲ, ಹಣವನ್ನೂ ಕೊಟ್ಟು ಹೋದರು. ನಾನು ಸುಳ್ಳು ಹೇಳಿರಲಿಲ್ಲ, ಆದರೆ ಅವರ ಪಾಲಿಗೆ ನನ್ನ ಮಾತು ಸುಳ್ಳೇ ಆಯಿತು. ಮರುದಿನದಿಂದ ಒಂದು ಕಾವಲಿಯನ್ನು ಬೇರೆ ಇಟ್ಟೆವು. ಬಾಳೆಲೆಯ ದಂಟಿನಿಂದ ಎಣ್ಣೆ ಸವರುವುದು ಕರಾವಳಿಯ ಮನೆಗಳಲ್ಲಿ ಇದ್ದದ್ದೇ, ಅದನ್ನೇ ಬಳಸಿದೆವು.

ಹಾಗಾಗಿ ನಿಮಗೆ ನಾನು ಹೇಳುವ ಮೊದಲ ಮಾತು: ಯಾರು ಯಾವ ಧರ್ಮದವರು ಎಂದು ಪಟ್ಟಿ ಮಾಡಬೇಡಿ, ಯಾರು ಏನನ್ನು ತಿನ್ನುವುದಿಲ್ಲ ಎಂದು ಪಟ್ಟಿ ಮಾಡಿ. ಇವೆರಡೂ ಒಂದೇ ಎಂದು ತೋರುತ್ತದೆ, ಅಲ್ಲ. ಜೈನರೆಂದರೆ ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೆ ಸಾಕು ಎಂದುಕೊಳ್ಳುವವರು ಬಹಳ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿಶುಂಠಿ ಎಲ್ಲವೂ ನೆಲದೊಳಗಿನವು. ಕಟ್ಟುನಿಟ್ಟಿನವರು ಅವನ್ನೆಲ್ಲ ಬಿಡುತ್ತಾರೆ. ಒಣಶುಂಠಿ ಮಾತ್ರ ಹಲವರಿಗೆ ಸರಿ. ಕೆಲವರು ಬದನೆಯನ್ನೂ ಬಿಡುತ್ತಾರೆ, ಕೆಲವರು ಹಿಂದಿನ ರಾತ್ರಿ ಹುದುಗಿಸಿದ ಹಿಟ್ಟಿನ ಇಡ್ಲಿ ದೋಸೆಯನ್ನೂ ತಿನ್ನುವುದಿಲ್ಲ, ಅಷ್ಟಮಿ ಚತುರ್ದಶಿಗಳಲ್ಲಿ ಹಸಿರು ತರಕಾರಿ ಬಿಡುವವರೂ ಇದ್ದಾರೆ. ಇನ್ನೊಂದೆಡೆ ಆರಾಮಾಗಿ ಆಲೂಗಡ್ಡೆ ಪಲ್ಯ ತಿನ್ನುವ ಜೈನ ಗೆಳೆಯರೂ ನನಗಿದ್ದಾರೆ. ನಿಮ್ಮ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ಒಬ್ಬರ ಉತ್ತರವನ್ನು ಇನ್ನೊಬ್ಬರಿಗೆ ಅಂಟಿಸಬೇಡಿ.

ಗೋಧಿಯ ವಿಷಯಕ್ಕೆ ತುಸು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಅಡುಗೆಮನೆಗಳು ಎಡವುವುದು ಇಲ್ಲಿಯೇ. ದಕ್ಷಿಣ ಭಾರತದ ಊಟ ಅಕ್ಕಿಯದು, ಗೋಧಿ ಆಗದವರಿಗೆ ಹೇಳಿ ಮಾಡಿಸಿದ್ದು ಎಂದು ಎಲ್ಲರೂ ಹೇಳುತ್ತಾರೆ. ಉಪ್ಪಿಟ್ಟಿನ ರವೆ, ಕೇಸರಿಬಾತಿನ ರವೆ, ರವೆ ಇಡ್ಲಿಯ ರವೆ ಎಲ್ಲವೂ ಗೋಧಿಯೇ ಎಂಬುದನ್ನು ನೆನಪಿಸಿದರೆ ಒಪ್ಪುತ್ತಾರೆ. ಆದರೆ ಇಂಗು? ಅಂಗಡಿಯಲ್ಲಿ ಸಿಗುವ ಇಂಗು ಸಾಮಾನ್ಯವಾಗಿ ಅಪ್ಪಟ ಇಂಗಲ್ಲ. ಗೋಂದು ಮತ್ತು ಹಿಟ್ಟು ಬೆರೆಸಿ ಕಟ್ಟಿದ್ದು. ಆ ಹಿಟ್ಟು ಹೆಚ್ಚಾಗಿ ಮೈದಾ, ಕೆಲವು ತಯಾರಕರದು ಅಕ್ಕಿಹಿಟ್ಟು. ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಸಾರಿನ ಒಗ್ಗರಣೆಯ ಚಿಟಿಕೆ ಇಂಗೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಒಬ್ಬ ಹುಡುಗನ ತಾಯಿ ಒಳಗೆ ಬಂದು ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ತೋರಿಸುವವರೆಗೆ ನನಗೂ ಭಟ್ಟರಿಗೂ ಅದು ಗೊತ್ತೇ ಇರಲಿಲ್ಲ. ಇನ್ನೊಂದು, ಪೂರಿ ಕರಿದ ಎಣ್ಣೆಯಲ್ಲೇ ಬೋಂಡಾ ಕರಿದರೆ ಬೋಂಡಾ ಕಡಲೆಹಿಟ್ಟಿನದಾದರೂ ಅವರಿಗೆ ಆಗದು. ರವೆ ದೋಸೆ ಹೊಯ್ದ ಕಾವಲಿಯಲ್ಲಿ ಸಾದಾ ದೋಸೆ ಹೊಯ್ದರೂ ಹಾಗೆಯೇ.

ಇದು ವ್ರತದ ಮಾತಲ್ಲ, ಆರೋಗ್ಯದ್ದು. ವ್ರತ ತಪ್ಪಿದರೆ ಮನಸ್ಸು ನೋಯುತ್ತದೆ. ಇಲ್ಲಿ ತಪ್ಪಿದರೆ ವಾರಗಟ್ಟಲೆ ಹೊಟ್ಟೆ ನರಳುತ್ತದೆ. ಕಡಲೆಕಾಯಿ, ಗೋಡಂಬಿ, ಎಳ್ಳಿನ ಅಲರ್ಜಿ ಇದ್ದರಂತೂ ಪುಳಿಯೋಗರೆ, ಚಿತ್ರಾನ್ನ, ಕುರ್ಮಾಗಳ ಬಗ್ಗೆ ಮೊದಲೇ ಕೇಳಬೇಕು. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲ್‌ಗಳು ಅಲರ್ಜಿಯ ಪದಾರ್ಥಗಳ ಮಾಹಿತಿ ಕೊಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಹೇಳುತ್ತವೆ. ನಮ್ಮಂಥ ಒಂಟಿ ಹೋಟೆಲ್‌ಗಳಲ್ಲಿ ಭಟ್ಟರ ಬಾಯಿಮಾತೇ ದಾಖಲೆ. ಆದ್ದರಿಂದಲೇ ಆ ಮಾತು ನಿಖರವಾಗಿರಬೇಕು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನಿಮಗೆ ಇದು ಬೇಡ" ಎನ್ನುವ ಹೋಟೆಲ್ ಸಿಕ್ಕಿದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿಕೊಳ್ಳಿ. "ಏನೂ ಆಗುವುದಿಲ್ಲ, ಬನ್ನಿ ಸಾರ್" ಎನ್ನುವವರಿಂದ ದೂರವಿರಿ.

ವೀಗನ್ ಗೆಳೆಯರಿಗೆ ಇರುವ ತೊಡಕು ತುಪ್ಪ. ನಮ್ಮಲ್ಲಿ ತುಪ್ಪವೆಂದರೆ ಅಡುಗೆಯ ಪದಾರ್ಥವಷ್ಟೇ ಅಲ್ಲ, ಪ್ರೀತಿ. ಬೇಡ ಎಂದರೂ ಬಡಿಸುವವರ ಕೈ ತಡೆಯುವುದಿಲ್ಲ. ಪೊಂಗಲ್, ಕೇಸರಿಬಾತು, ಹೋಳಿಗೆ ಬಿಡಿ. ಅನ್ನಕ್ಕೂ ಸಾರಿನ ಒಗ್ಗರಣೆಗೂ ಅದು ಬೀಳುತ್ತದೆ. ರವೆ ಇಡ್ಲಿಯಲ್ಲಿ ಮೊಸರಿರುತ್ತದೆ. ಇದನ್ನು ಬಡಿಸುವವರಿಗೆ ಬೇರೆಯಾಗಿಯೇ ಹೇಳಬೇಕು, ಗಲ್ಲಾದಲ್ಲಿ ಹೇಳಿದರೆ ಎಲೆಯ ತನಕ ತಲುಪುವುದಿಲ್ಲ. ಇದೇ ಎಚ್ಚರ ಇನ್ನೂ ಕೆಲವರಿಗೆ ಬೇಕಾಗುತ್ತದೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಾಂಸದ ಜೊತೆಗೆ ಹಾಲನ್ನೂ ಬಿಡುವವರಿದ್ದಾರೆ.

ಮುಸ್ಲಿಂ ಗೆಳೆಯರ ವಿಷಯದಲ್ಲಿ ಜನ ಅನಗತ್ಯವಾಗಿ ಗಾಬರಿಯಾಗುತ್ತಾರೆ. ಮಾಮೂಲಿ ಶಾಕಾಹಾರಿ ಊಟದಲ್ಲಿ ಅವರಿಗೆ ನಿಷಿದ್ಧವಾದದ್ದು ಸಾಮಾನ್ಯವಾಗಿ ಏನೂ ಇರುವುದಿಲ್ಲ. ಮದ್ಯ ಬೆರೆತ ಎಸೆನ್ಸ್‌ನ ಬಗ್ಗೆ ಕೆಲವರು ಕೇಳಬಹುದು, ಆಗ ಐಸ್‌ಕ್ರೀಮಿನ ಬದಲು ಪಾಯಸ ಇಟ್ಟರೆ ಮುಗಿಯಿತು. ದೇವರ ಪ್ರಸಾದವನ್ನು ಎಲೆಗೆ ಹಾಕುವ ರೂಢಿ ಇರುವ ಹೋಟೆಲ್ ಆದರೆ ಮೊದಲು ಕೇಳಿ ಹಾಕಲಿ. ತೆಗೆದುಕೊಳ್ಳುವವರು ತೆಗೆದುಕೊಳ್ಳುತ್ತಾರೆ, ಬೇಡ ಎಂದವರನ್ನು ಒತ್ತಾಯಿಸುವುದು ಸಲ್ಲದು.

ನಿಜವಾದ ಕಷ್ಟ ಪದಾರ್ಥಕ್ಕಿಂತ ಹೊತ್ತಿನದು. ಒಂದು ರಂಜಾನ್ ತಿಂಗಳು, ಮಾರ್ಚ್ ಕೊನೆ. ಎಂಟು ಮಂದಿಯ ಒಂದು ಗುಂಪು ಸಂಜೆ ಏಳಕ್ಕೆ ಊಟ ಹೇಳಿತ್ತು. ಅವರಲ್ಲಿ ಒಬ್ಬ ಜೈನ ಹುಡುಗ ಹಿಂದಿನ ದಿನ ಒಬ್ಬನೇ ಬಂದು, ತಾನು ಸೂರ್ಯಾಸ್ತಕ್ಕೆ ಮೊದಲೇ ಉಣ್ಣಬೇಕು, ಬೇರೆಯಾಗಿ ಮುಗಿಸಿಬಿಡುತ್ತೇನೆ, ಉಳಿದವರಿಗೆ ಹೇಳಬೇಡಿ ಎಂದ. ಅದೇ ಗುಂಪಿನಲ್ಲಿ ರೋಜಾ ಇದ್ದವನೊಬ್ಬ ಸೂರ್ಯ ಮುಳುಗುವವರೆಗೆ ನೀರನ್ನೂ ಮುಟ್ಟುವಂತಿಲ್ಲ. ಒಬ್ಬನಿಗೆ ಬಾಗಿಲು ಮುಚ್ಚುವ ಗಳಿಗೆಯಲ್ಲೇ ಇನ್ನೊಬ್ಬನಿಗೆ ತೆರೆಯುವುದು. ನಾನು ಗುಟ್ಟನ್ನು ಮುರಿದೆ. ಊಟ ಏರ್ಪಡಿಸಿದವರಿಗೆ ಫೋನ್ ಮಾಡಿ, ಎಲ್ಲರೂ ಒಂದೂಕಾಲು ಗಂಟೆ ಬೇಗ ಬನ್ನಿ ಎಂದೆ. ಐದೂಮುಕ್ಕಾಲಕ್ಕೆ ಜೈನ ಹುಡುಗನಿಗೆ ಮಾತ್ರ ಒಂದೇ ಎಲೆ ಹಾಕಿದೆವು. ರೋಜಾ ಹಿಡಿದ ಹುಡುಗ ಅವನ ಎದುರೇ ಕುಳಿತು, ಒಣಗಿದ ತುಟಿಯಲ್ಲೇ ಕಚೇರಿಯ ಸುದ್ದಿ ಹೇಳುತ್ತಾ, ಗೆಳೆಯ ಒಂಟಿಯಾಗಿ ಉಣ್ಣದಂತೆ ನೋಡಿಕೊಂಡ. ಆರೂವರೆ ದಾಟಿ ಮೊಬೈಲ್‌ನಲ್ಲಿ ಆಜಾನ್ ಕೇಳಿದಾಗ ನಮ್ಮ ಸಪ್ಲೈಯರ್ ನೀರಿನ ಲೋಟ ಎತ್ತಿಕೊಂಡ. ಊಟ ಮುಗಿಸಿ ಕೈತೊಳೆದು ಬಂದಿದ್ದ ಜೈನ ಹುಡುಗ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಖರ್ಜೂರದ ತಟ್ಟೆಯ ಜೊತೆ ತಾನೇ ಗೆಳೆಯನ ಮುಂದಿಟ್ಟ. ಗುಟ್ಟು ಮುರಿದದ್ದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ.

ತಿಥಿಯನ್ನೂ ನೋಡಿ. ಏಕಾದಶಿಯಂದು ನಮ್ಮ ಕಡೆಯ ಅನೇಕರು ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟು ತಿನ್ನುತ್ತಾರೆ. ನವರಾತ್ರಿಯ ವ್ರತದಲ್ಲಿರುವ ಉತ್ತರ ಭಾರತದವರಿಗೆ ಅದೇ ಉಪ್ಪಿಟ್ಟು ವ್ರತಭಂಗ. ಅವರಿಗೆ ಸಬ್ಬಕ್ಕಿ ಬೇಕು, ಅದಕ್ಕೆ ಸೈಂಧವ ಲವಣ ಬೇಕು. ಇದನ್ನೆಲ್ಲ ಕೇಳಿ ಹೋಟೆಲ್‌ನವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಡುಪಿಯ ಅಡುಗೆಯವರಿಗೆ ಚಾತುರ್ಮಾಸ್ಯ ಗೊತ್ತು: ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಒಂದು ತಿಂಗಳು ಬೇಳೆಯಿಲ್ಲ. ಬೇಳೆಯಿಲ್ಲದೆ ಹುಳಿ ಮಾಡಬಲ್ಲ ಕೈಗೆ ಈರುಳ್ಳಿಯಿಲ್ಲದೆ ಸಾಗು ಮಾಡುವುದು ಭಾರವಲ್ಲ.

ನಿಮ್ಮ ಹದಿನಾಲ್ಕು ಮಂದಿಗೆ ನಾನಾಗಿದ್ದರೆ ಹೀಗೆ ಮಾಡಿಸುತ್ತಿದ್ದೆ. ನೀರುದೋಸೆ, ಜೊತೆಗೆ ಕಾಯಿಬೆಲ್ಲ. ಅಕ್ಕಿ, ನೀರು, ಉಪ್ಪು ಅಷ್ಟೇ. ಹುದುಗೂ ಇಲ್ಲ, ಕಾವಲಿ ಬೇರೆಯಿದ್ದರೆ ಎಲ್ಲರಿಗೂ ಸಲ್ಲುತ್ತದೆ. ಹೆಸರುಬೇಳೆ ಕೋಸಂಬರಿ, ಕ್ಯಾರೆಟ್ ಬೇಡ, ಸೌತೆಕಾಯಿ ಸಾಕು. ಬಾಳೆಕಾಯಿ ಪಲ್ಯ, ತೊಂಡೆಕಾಯಿ ಪಲ್ಯ, ಮಂಗಳೂರು ಸೌತೆಯ ಹುಳಿ. ಒಗ್ಗರಣೆಗೆ ಇಂಗಿನ ಬದಲು ಸಾಸಿವೆ, ಜೀರಿಗೆ, ಕರಿಬೇವು, ಕೊಬ್ಬರಿ ಎಣ್ಣೆ. ಬಿಳಿ ಅನ್ನ, ನಿಂಬೆಹಣ್ಣಿನ ಸಾರು. ಕಡಲೆಬೇಳೆ ಪಾಯಸ, ಬೆಲ್ಲ ಮತ್ತು ತೆಂಗಿನಹಾಲಿನಲ್ಲಿ. ತುಪ್ಪ, ಮೊಸರು, ಈರುಳ್ಳಿ ಪಕೋಡ ಬೇಕಾದವರಿಗೆ ಪ್ರತ್ಯೇಕ ಬಟ್ಟಲಲ್ಲಿ, ಪ್ರತ್ಯೇಕ ಸೌಟಿನಲ್ಲಿ. ಹೀಗೆ ಮಾಡಿದರೆ ಯಾರಿಗೂ "ವಿಶೇಷ ತಟ್ಟೆ" ತರಿಸುವ ಅಗತ್ಯವೇ ಬೀಳುವುದಿಲ್ಲ. ಎಲ್ಲರೂ ಒಂದೇ ಊಟ ಉಣ್ಣುತ್ತಾರೆ, ಕೆಲವರು ಮೇಲೆ ಏನೋ ಹಾಕಿಸಿಕೊಳ್ಳುತ್ತಾರೆ, ಅಷ್ಟೇ.

ಬಾಳೆಲೆಯಲ್ಲಿ ಬಡಿಸಲು ಹೇಳಿ. ಈ ತಟ್ಟೆಯಲ್ಲಿ ಮೊದಲು ಏನಿತ್ತು ಎಂಬ ಅನುಮಾನ ಅದರಿಂದ ಎಲ್ಲರಿಗೂ ಒಮ್ಮೆಗೇ ಹೋಗುತ್ತದೆ. ಎಲೆಗಳನ್ನು ಒಂದೇ ಸಾಲಿನಲ್ಲಿ ಹಾಕಿಸಿ. ಜೈನರ ಮೇಜು, ವೀಗನ್ ಮೇಜು ಎಂದು ಬೇರ್ಪಡಿಸಿದರೆ ಬಡಿಸುವವರಿಗೆ ಸುಲಭವೇನೋ ಹೌದು, ಆದರೆ ನಮ್ಮ ಹೋಟೆಲ್‌ಗಳಿಗೆ ಆ ಸುಲಭದ ಹಳೆಯ ಚರಿತ್ರೆಯಿದೆ. ಬ್ರಾಹ್ಮಣರಿಗೆ ಒಳಗೆ ಬೇರೆ ಕೋಣೆ, ಉಳಿದವರಿಗೆ ಹೊರಗಿನ ಬೆಂಚು, ದಲಿತರಿಗೆ ಬಾಗಿಲಾಚೆ ಬೇರೆ ಲೋಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳ ಹೆಸರನ್ನೇ ಹಿಡಿದು ಅದನ್ನು ತಡೆಯಿತು. ಅಡುಗೆಮನೆಯಲ್ಲಿ ಸೌಟು ಬೇರೆಯಾಗಲಿ, ಊಟದ ಪಂಕ್ತಿ ಬೇರೆಯಾಗಬಾರದು. ನಮ್ಮ ಬೋರ್ಡಿನಲ್ಲಿದ್ದ "ಶುದ್ಧ ಶಾಕಾಹಾರಿ" ಎಂಬುದರಿಂದ "ಶುದ್ಧ" ಎಂಬ ಪದವನ್ನು ನಾನು ತೆಗೆಸಿದ್ದೂ ಇದಕ್ಕೇ. ಮನೆಯಲ್ಲಿ ಮೀನು ತಿಂದು ಬಂದವನೂ ನನ್ನ ಬೆಂಚಿನಲ್ಲಿ ಕೂರುತ್ತಾನೆ. ಒಳಗೆ ಬರುವ ಮುನ್ನವೇ ಅವನು ಅಶುದ್ಧ ಎಂದು ಬೋರ್ಡು ಏಕೆ ಸಾರಬೇಕು?

ಹೊರಗೆ ಉಣ್ಣದ ನಿಮ್ಮ ಹಿರಿಯರನ್ನು ಬಿಟ್ಟುಬಿಡಬೇಡಿ, ಬಲವಂತವನ್ನೂ ಮಾಡಬೇಡಿ. ಮಡಿಯವರಿಗೆ ಬೇಯಿಸಿದ ಅನ್ನ ಮುಸುರೆ, ಅಂದರೆ ಮಡಿ ಕೆಡಿಸುವಂಥದ್ದು; ಹಣ್ಣು ಮುಸುರೆಯಲ್ಲ. ಪಂಕ್ತಿಯಲ್ಲೇ ಅವರಿಗೂ ಒಂದು ಎಲೆ ಹಾಕಿಸಿ, ಸಿಪ್ಪೆ ಸುಲಿಯದ ಬಾಳೆಹಣ್ಣು, ಕಿತ್ತಳೆ, ಒಂದು ಎಳನೀರು ಇಡಿಸಿ. ಅವರು ಏಕೆ ಉಣ್ಣುತ್ತಿಲ್ಲ ಎಂದು ಯಾರೂ ವಿವರಣೆ ಕೇಳದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಎರಡು ದಿನ ಮೊದಲು ಹೋಟೆಲ್‌ಗೆ ಹೋಗಿ ಮಾತಾಡಿ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಹೋಗಿ, ಆಗ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಇನ್ನೂ ಆರಂಭವಾಗಿರುವುದಿಲ್ಲ. ಗಲ್ಲಾದವರ ಹತ್ತಿರ ಹಣದ ಮಾತು ಮುಗಿಸಿ, ಭಟ್ಟರನ್ನು ಕಾಣಬೇಕು ಎನ್ನಿ. ಕಾವಲಿಗೆ ಏನು ಉಜ್ಜುತ್ತೀರಿ, ಇಂಗಿನ ಡಬ್ಬಿ ತೋರಿಸುತ್ತೀರಾ, ಇವೆರಡನ್ನು ಕೇಳಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ.