ಸಹಿ ಹಾಕಿದರೂ ದಾರಿ ಇದೆ, ಆದರೆ ಮೊದಲು ಕೋರ್ಟ್ ಬೇಡ

ನಿಮ್ಮ ದೊಡ್ಡಮ್ಮ ಎಫ್‌ಡಿ ಮಾಡಿಸಲು ಹೋದರು, ಬ್ಯಾಂಕಿನವರು ಇನ್ಶೂರೆನ್ಸ್ ಪಾಲಿಸಿ ಮಾಡಿಸಿ ಕಳಿಸಿದರು. ಸಹಿ ಅವರದೇ, ಕನ್ಸ್ಯೂಮರ್ ಕೋರ್ಟಿಗೆ ಹೋಗೋದಾ, ಬಿಟ್ಟುಬಿಡೋದಾ ಎಂದು ಕೇಳಿದ್ದೀರಿ. ಎರಡೂ ಬೇಡ. ಮುಂಬೈನ ಗೋರೆಗಾಂವ್‌ನಲ್ಲಿ ನನ್ನ ಅಮ್ಮನಿಗೂ ಹೀಗೇ ಆಗಿತ್ತು.

ಅದು ಅಪ್ಪ ಫೋರ್ಟ್ ಏರಿಯಾದ ಉಡುಪಿ ಹೋಟೆಲಿನಲ್ಲಿ ದುಡಿದು ಕೂಡಿಟ್ಟ ಹಣ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಫಾರ್ಮ್ ಇಂಗ್ಲಿಷಿನಲ್ಲಿತ್ತು. ಇನ್ಶೂರೆನ್ಸ್ ಕಂಪನಿಯಿಂದ ಫೋನ್ ಬಂದರೆ ಎಲ್ಲದಕ್ಕೂ ‘ಹಾಂ ಜೀ’ ಅನ್ನಿ ಎಂದೂ ಬ್ಯಾಂಕಿನವರು ಹೇಳಿಕೊಟ್ಟಿದ್ದರಂತೆ.

ಪಾಲಿಸಿ ಮನೆಗೆ ಬಂದಾಗ ನಾನು ಬ್ರಾಂಚಿಗೆ ಓಡಿದೆ. ಮ್ಯಾನೇಜರ್ ಕೂರಿಸಿ ನೀರು ಕೊಟ್ಟರು. "ನಾನು ನೋಡ್ತೀನಿ, ಮುಂದಿನ ವಾರ ಬನ್ನಿ" ಅಂದರು. ಹೋದೆ. ಮತ್ತೆ ಮುಂದಿನ ವಾರ. ಎಲ್ಲ ಬರೀ ಬಾಯಿಮಾತು. ಒಂದು ಇಮೇಲ್ ಹಾಕಲಿಲ್ಲ, ಒಂದು ಅರ್ಜಿ ಬರೆದು ಸೀಲ್ ಹಾಕಿಸಿಕೊಳ್ಳಲಿಲ್ಲ. ತಪ್ಪಾಗಿದ್ದು ಇಲ್ಲೇ. ಬ್ಯಾಂಕ್ ಮಾರಿಕೊಡುವ ಏಜೆಂಟ್ ಅಷ್ಟೇ, ಪಾಲಿಸಿ ರದ್ದು ಮಾಡಬೇಕಾದ್ದು ಇನ್ಶೂರೆನ್ಸ್ ಕಂಪನಿ. ಪಾಲಿಸಿ ಕೈಗೆ ಬಂದ ಮೇಲೆ ಬೇಡ ಎಂದು ಹೇಳಲು ಫ್ರೀ ಲುಕ್ ಅವಧಿ ಇರುತ್ತದೆ. ಆಗ 15 ದಿನ, 2024ರಿಂದ 30 ದಿನ. ಅಷ್ಟರೊಳಗೆ ಕಂಪನಿಗೆ ಬರೆದಿದ್ದರೆ ಸ್ಟಾಂಪ್ ಡ್ಯೂಟಿಯಂಥ ಸಣ್ಣ ಖರ್ಚು ಕಳೆದು ಹಣ ವಾಪಸ್ ಬರುತ್ತಿತ್ತು. ನಾನು ಬ್ಯಾಂಕಿನ ಸೋಫಾದಲ್ಲಿ ಕೂತಿರುವಾಗಲೇ ಆ ಅವಧಿ ಮುಗಿಯಿತು.

ನೀವು ಮೊದಲು ಪ್ರಪೋಸಲ್ ಫಾರ್ಮಿನ, ಅಂದರೆ ಪಾಲಿಸಿಗಾಗಿ ತುಂಬಿ ಸಹಿ ಹಾಕಿಸಿಕೊಂಡ ಅರ್ಜಿಯ, ಪ್ರತಿ ಕೇಳಿ ಪಡೆಯಿರಿ. ಅಮ್ಮನ ಫಾರ್ಮಿನಲ್ಲಿ ಉದ್ಯೋಗ ‘ಬಿಸಿನೆಸ್’, ವರ್ಷದ ಆದಾಯ 6 ಲಕ್ಷ ಎಂದಿತ್ತು! ಹೊರಗೆ ದುಡಿಯಲು ಹೋದವರೇ ಅಲ್ಲ ಅವರು. ಇಂಗ್ಲಿಷ್ ಬಾರದವರಿಗೆ ಎಲ್ಲ ವಿವರಿಸಿ ಹೇಳಿದ್ದೇವೆ ಎಂದು ಬರೆದು ಸಹಿ ಹಾಕಬೇಕಾದ ಜಾಗ ಖಾಲಿ. ಸಹಿಯೇ ಎಲ್ಲ ಅಲ್ಲ ಅಂದಿದ್ದು ಇದಕ್ಕೇ.

ಇದನ್ನೆಲ್ಲ ಬರೆದು ಕಂಪನಿಗೆ ದೂರು ಕೊಡಿ. ಆಗಲ್ಲ ಅಂದರೆ, ಅಥವಾ ಒಂದು ತಿಂಗಳು ಉತ್ತರವೇ ಬರದಿದ್ದರೆ, ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿಯ ಹತ್ತಿರ ಹೋಗಿ. ಅದಕ್ಕೆ ಒಂದು ವರ್ಷದ ಗಡುವಿದೆ. ಫೀಸ್ ಇಲ್ಲ, ವಕೀಲರು ಬೇಡ. ಮುಂಬೈ ಆಫೀಸ್ ಸಾಂತಾಕ್ರೂಜ್ ಪಶ್ಚಿಮದ ಎಸ್.ವಿ. ರೋಡಿನಲ್ಲಿದೆ. ಕೋರ್ಟಿನಲ್ಲಿ ಕೇಸ್ ನಡೆಯುತ್ತಿದ್ದರೆ ಅವರು ದೂರು ತೆಗೆದುಕೊಳ್ಳುವುದಿಲ್ಲ. ಅವರು ಕೊಟ್ಟ ಆದೇಶವನ್ನು ಕಂಪನಿ ಪಾಲಿಸಲೇಬೇಕು. ನಿಮಗೆ ಒಪ್ಪಿಗೆಯಾಗದಿದ್ದರೆ ಕೋರ್ಟ್ ಆಮೇಲೂ ಇದ್ದೇ ಇದೆ.

ಅಮ್ಮನ ಅಸಲು ಹೀಗೇ ಬಂತು. ಅಷ್ಟು ಕಾಲದ ಎಫ್‌ಡಿ ಬಡ್ಡಿ ಮಾತ್ರ ಹೋಯಿತು. ಪಾಲಿಸಿ ಕೈಗೆ ಬಂದ ತಾರೀಖು ಯಾವುದು ಅಂತ ದೊಡ್ಡಮ್ಮನನ್ನು ಇವತ್ತೇ ಕೇಳಿ. 30 ದಿನ ಆಗಿಲ್ಲದಿದ್ದರೆ ಕಂಪನಿಗೆ ಈಗಲೇ ಇಮೇಲ್ ಹಾಕಿ.